ನಾಯಿ ಕಡಿದವರಿಗೆ ಹೋಬಳಿಯಲ್ಲೇ ಪೂರ್ತಿ ಚಿಕಿತ್ಸೆ ಕೋರಿ ಮನವಿ

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ.

ವಿಷಯ: ರೇಬಿಸ್ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಎರಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಒದಗಿಸುವ ಬಗ್ಗೆ.

ಮಾನ್ಯರೇ,

ನಾಯಿ ಕಡಿದ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಹೇಳುವುದಕ್ಕೆ ಇಷ್ಟೇ. ಚೀರಾಡುವ ಮಗುವಿನ ಕಾಲನ್ನು ನಲ್ಲಿಯ ಕೆಳಗೆ ಹಿಡಿದವರಿಗೆ ಗೊತ್ತು, ಎರಡು ನಿಮಿಷಕ್ಕೇ ಸಾಕಪ್ಪಾ ಅನ್ನಿಸುತ್ತದೆ. ಅಷ್ಟರಲ್ಲಿ ಒಬ್ಬರು ಅರಿಶಿನ ತಂದಿರುತ್ತಾರೆ, ಇನ್ನೊಬ್ಬರು ಸುಣ್ಣ, ಮತ್ತೊಬ್ಬರು ಖಾರದಪುಡಿ. ಈ ಮನವಿಗೆ ಸಹಿ ಹಾಕಿರುವ ಪೋಷಕರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇದನ್ನು ಕಣ್ಣಾರೆ ಕಂಡವರೇ. ತಮ್ಮ ಕಡೆಯ ತಪ್ಪನ್ನು ತಿದ್ದಿಕೊಳ್ಳಲು ಅವರು ಸಿದ್ಧರಿದ್ದಾರೆ. ತೊಳೆದಾದ ಮೇಲೆ ಆಗಬೇಕಾದದ್ದು ಮಾತ್ರ ಅವರ ಕೈಯಲ್ಲಿಲ್ಲ.

ರೇಬಿಸ್ ವೈರಾಣು ನರಗಳ ಗುಂಟ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೋ ಕುತ್ತಿಗೆಗೋ ಕಡಿದಿದ್ದರೆ ದಾರಿ ಗಿಡ್ಡ. ನೀರಿನ ಲೋಟ ಕಂಡರೆ ಗಂಟಲು ಸೆಟೆದುಕೊಳ್ಳುವ ಹಂತಕ್ಕೆ ಬಂದವರು ಬದುಕುವುದು ಇಲ್ಲವೆನ್ನುವಷ್ಟು ವಿರಳ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಹೀಗೆ ಸಾಯುತ್ತಾರೆಂದು ಅಂದಾಜಿದೆ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಭಾರತದ್ದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಡಿಸಿಕೊಳ್ಳುವವರಲ್ಲಿ 100ಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು.

ಮೊದಲ ಬೇಡಿಕೆ ಇಮ್ಯುನೊಗ್ಲಾಬ್ಯುಲಿನ್.

ಲಸಿಕೆ ಹಾಕಿಸಿಕೊಂಡ ಮೈ ತನ್ನದೇ ಪ್ರತಿಕಾಯ ತಯಾರಿಸಲು ವಾರದಿಂದ ಎರಡು ವಾರ ಬೇಕು. ಅಲ್ಲಿಯತನಕ ಗಾಯದಲ್ಲೇ ವೈರಾಣುವನ್ನು ಕಟ್ಟಿಹಾಕುವುದು ಈ ಸಿದ್ಧ ಪ್ರತಿಕಾಯದ ಕೆಲಸ. ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಹಲ್ಲು ನಾಟಿ ರಕ್ತ ಬಂದ ಪ್ರತಿ ಗಾಯಕ್ಕೂ ಇದು ಬೇಕು. ಲಸಿಕೆ ಕೊಟ್ಟು, 'ಇಮ್ಯುನೊಗ್ಲಾಬ್ಯುಲಿನ್ ಇಲ್ಲಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ' ಎಂದು ಚೀಟಿ ಬರೆದುಕೊಟ್ಟರೆ ಚಿಕಿತ್ಸೆ ಅರ್ಧವಾಯಿತು. ಆ ಚೀಟಿ ಹಿಡಿದವರೆಲ್ಲ ಬಸ್ಸು ಹತ್ತುವುದಿಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಕಟ್ಟಿದ ದನ: ಲೆಕ್ಕ ಹಾಕುತ್ತ ಕೂತವರು ಹಾಗೇ ಉಳಿದುಬಿಡುತ್ತಾರೆ.

ಎರಡನೆಯದು ಸೀಸೆಯ ಸಂಗತಿ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28ನೇ ದಿನಗಳಂದು ಎರಡೂ ತೋಳಿಗೆ 0.1 ಮಿ.ಲೀ.ನಂತೆ ಲಸಿಕೆ ಹಾಕುತ್ತಾರೆ. ಮಿತವ್ಯಯದ ಒಳ್ಳೆಯ ಕ್ರಮ. ಆದರೆ ಒಮ್ಮೆ ಕಲಸಿದ ಲಸಿಕೆಯನ್ನು ಆರೆಂಟು ಗಂಟೆಯೊಳಗೆ ಮುಗಿಸಬೇಕು. ಸಣ್ಣ ಕೇಂದ್ರದಲ್ಲಿ ಒಬ್ಬನೇ ರೋಗಿ ಬಂದಾಗ ಸೀಸೆ ಒಡೆಯಲು ಕೈ ಹಿಂಜರಿಯುವುದು ಸಹಜ. ಲೆಕ್ಕ ಕೇಳುವವರು ಮೇಲಿರುತ್ತಾರಲ್ಲ! ಆದ್ದರಿಂದ ಒಬ್ಬರಿಗಾಗಿಯೂ ಸೀಸೆ ತೆರೆಯಬೇಕು, ಉಳಿದು ಹಾಳಾದದ್ದಕ್ಕೆ ಸಿಬ್ಬಂದಿಯನ್ನು ಹೊಣೆ ಮಾಡುವುದಿಲ್ಲ ಎಂಬ ಲಿಖಿತ ಆದೇಶ ಬೇಕೆಂದು ಅರ್ಜಿದಾರರು ಕೋರುತ್ತಾರೆ. ಭಾನುವಾರವೂ ಲಸಿಕೆ ಸಿಗಲಿ. ನಾಯಿಗೆ ರಜೆ ಗೊತ್ತಿಲ್ಲ.

ಹೊಕ್ಕಳ ಸುತ್ತ 14 ಚುಚ್ಚುಮದ್ದಿನ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆ ನಿಂತು ಎರಡು ದಶಕವಾಯಿತು ಎಂಬ ಒಂದು ಸಾಲಿನ ಫಲಕ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರಲಿ.

ನಾಯಿಗಳ ಕಡೆಯ ಕೆಲಸವೂ ಇದೆ. ಊರಿನ ನಾಯಿಗಳಲ್ಲಿ 100ಕ್ಕೆ 70ಕ್ಕಾದರೂ ಪ್ರತಿವರ್ಷ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಪಕ್ಕದ ಗೋವಾ ಇದನ್ನು ಮಾಡಿ ತೋರಿಸಿದೆ: ಬಲೆ ಹಿಡಿದ ತಂಡಗಳು ಬೀದಿ ಬೀದಿ ಸುತ್ತಿ ಲಸಿಕೆ ಹಾಕಿದವು, ಶಾಲೆಗಳಲ್ಲಿ ಪಾಠ ನಡೆಯಿತು, ಅನುಮಾನ ಬಂದ ನಾಯಿಗಳ ಪರೀಕ್ಷೆ ನಡೆಯಿತು. 2018ರಲ್ಲಿ ಅಲ್ಲಿ ರೇಬಿಸ್‌ನಿಂದ ಒಬ್ಬರೂ ಸಾಯಲಿಲ್ಲ. ನಾಯಿಗಳನ್ನು ಹಿಡಿದು ದೂರ ಬಿಟ್ಟುಬನ್ನಿ ಎಂದು ಈ ಮನವಿ ಕೇಳುತ್ತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡುವ ಕೆಲಸಕ್ಕೆ ಪಶುಪಾಲನಾ ಇಲಾಖೆಯೊಂದಿಗೆ ಸೇರಿ ಪಂಚಾಯಿತಿವಾರು ದಿನಾಂಕ ಗೊತ್ತುಮಾಡಬೇಕು.

2022ರಲ್ಲಿ ಕರ್ನಾಟಕ ಮಾನವ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಅದರ ಜತೆಗೆ ಹೋಬಳಿವಾರು ಕಡಿತದ ಸಂಖ್ಯೆಯನ್ನೂ ಲಸಿಕೆಯ ನಾಲ್ಕೂ ಸರದಿ ಮುಗಿಸಿದವರ ಸಂಖ್ಯೆಯನ್ನೂ ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳಲಿ.

ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ರೊಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ. ಹೋಬಳಿಯಿಂದ ಜಿಲ್ಲಾಸ್ಪತ್ರೆಗೆ ಹೋಗುವ ಬಸ್ಸುಗಳ ವೇಳಾಪಟ್ಟಿಯನ್ನು ಜತೆಗೆ ಲಗತ್ತಿಸಿದೆ. ಕೊನೆಯ ಬಸ್ಸು ಸಂಜೆ ಆರಕ್ಕೆ.

ಇಂತಿ ತಮ್ಮ ವಿಶ್ವಾಸಿಗಳು,
ಹೋಬಳಿಯ ಗ್ರಾಮಸ್ಥರು