ಗೌರಿಹರದ ಮುಂದೆ ಅಮ್ಮನೂ ಕೂರಲಿ

ಮರಾಠಿ ಮದುವೆಮನೆಗೆ ಹೋಗಿದ್ದೀರಾ? ಮುಹೂರ್ತಕ್ಕೆ ಮುಂಚೆ ಹಳದಿ ಸೀರೆ ಉಟ್ಟ ವಧು ಒಂದು ಕೋಣೆಯಲ್ಲಿ ಕೂತು ಗೌರಿಯನ್ನು ಪೂಜಿಸುತ್ತಿರುತ್ತಾಳೆ. ಇದೇ ಗೌರಿಹರ ಪೂಜೆ. ಅಕ್ಕಿಯ ಮೇಲೆ ತವರಿನವರು ಕೊಟ್ಟ ಪುಟ್ಟ ಅನ್ನಪೂರ್ಣೆಯ ಮೂರ್ತಿ. ಅದನ್ನು ಆಕೆ ಗಂಡನ ಮನೆಗೂ ಒಯ್ಯುತ್ತಾಳೆ. ಸೋದರಮಾವ ಬಂದು ಅಂತರಪಟದ ಎದುರಿಗೆ ಕರೆದೊಯ್ಯುವ ತನಕ ಅವಳಿಗೆ ಸಿಗುವ ನೆಮ್ಮದಿಯ ಗಳಿಗೆ ಅದೊಂದೇ.

ಪುಣೆಯಲ್ಲಿ ನಾನು ನೋಡಿದ ಮದುವೆಯಲ್ಲಿ ಆ ಬೆಳ್ಳಿ ಅನ್ನಪೂರ್ಣೆಯನ್ನು ಸಂಬಳದಲ್ಲಿ ಉಳಿಸಿ ಕೊಂಡಿದ್ದು ವಧುವಿನ ಅಮ್ಮ. ಗಂಡ ತೀರಿಕೊಂಡಿದ್ದಾರೆ ಎಂಬ ಕಾರಣಕ್ಕೆ ಮಗಳ ಕೈಗೆ ಕೊಟ್ಟಿದ್ದು ಮಾತ್ರ ಚಿಕ್ಕಮ್ಮ! ಪುಣ್ಯಾಹವಾಚನ, ಕನ್ಯಾದಾನಕ್ಕೂ ಚಿಕ್ಕಪ್ಪ-ಚಿಕ್ಕಮ್ಮನೇ ಕೂತರು. ಅಮ್ಮ? ಅಡುಗೆಯವರ ಲೆಕ್ಕ ನೋಡ್ತಾ ಹಿಂದೆ ನಿಂತಿದ್ರು. ಇದ್ಯಾವ ನ್ಯಾಯ, ನೀವೇ ಹೇಳಿ.

ಶಾಸ್ತ್ರ ಬಿಡಿ ಅಂತ ನಾನು ಹೇಳ್ತಿಲ್ಲ. ಗೌರಿಹರ ನನಗೂ ಇಷ್ಟವೇ. ಆದರೆ ಅದೇ ಮಹಾರಾಷ್ಟ್ರದಲ್ಲಿ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ಇನ್ನು ಬೇಡವೆಂದು ಠರಾವು ಮಾಡಿತು. ಪುಣೆಯ ಜ್ಞಾನಪ್ರಬೋಧಿನಿಯಲ್ಲಿ ಕಲಿತ ಹೆಂಗಸರು ಮದುವೆಯನ್ನೇ ಮಾಡಿಸ್ತಾರೆ. ಹಳ್ಳಿಯವರಿಗೆ ಸಾಧ್ಯವಾದದ್ದು ಓದಿದ ನಮಗೆ ಯಾಕಾಗದು?

ಬೆಳಗಾವಿ ಕಡೆ ಮರಾಠಿ ಸಂಬಂಧ ಬೆಳೆಸುವ ಗೆಳತಿಯರಿಗೆ ಒಂದು ಮಾತು. ಮಂಟಪದಲ್ಲಿ ವಾದ ಬೇಡ, ಅದು ಜಗಳಕ್ಕೇ ತಿರುಗುತ್ತೆ. ಮದುವೆ ಗೊತ್ತಾದ ಕೂಡಲೇ ಪುರೋಹಿತರ ಹತ್ತಿರ, ಬೀಗರ ಹತ್ತಿರ ಮಾತಾಡಿ. ಒಪ್ಪುವ ಪುರೋಹಿತರು ಸಿಗ್ತಾರೆ. ಕಷ್ಟ ಅಮ್ಮನದೇ. "ನಾನ್ಯಾಕೆ ಬಿಡಮ್ಮ, ಏನಾದರೂ ಅಪಶಕುನ ಆದರೆ?" ಅಂತ ಹಿಂದೆ ಸರಿಯುತ್ತಾರೆ. ಆಗ ಬೇರೆ ಯಾರೂ ಹೇಳಿದರೆ ನಡೆಯಲ್ಲ. ಮದುಮಗಳೇ ಎದ್ದು ಹೋಗಿ ಕೈಹಿಡಿದು ಕರೆತರಬೇಕು.