ಹೆಸರಿಗೆ ಸ್ವಾಯತ್ತತೆ, ಕೈಯಲ್ಲಿ ಕಡಿವಾಣ

ವಿಶ್ವವಿದ್ಯಾನಿಲಯ ಇರುವುದು ಯಾತಕ್ಕಾಗಿ? ದೇಶಕ್ಕೆ ಬೇಕಾದ ಕುಶಲಕರ್ಮಿಗಳನ್ನು ಒದಗಿಸುವುದಕ್ಕೋ, ಸತ್ಯದ ಅನ್ವೇಷಣೆಗೋ? ಜಪಾನ್ ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಕೊಡುತ್ತ ಬಂದಿರುವ ಉತ್ತರವನ್ನು, ಅದೇ ಹಾದಿಯ ಹೊಸ್ತಿಲಲ್ಲಿರುವ ಚೀನದ ಸಂದರ್ಭದಲ್ಲಿ ನಾವು ಪರಿಶೀಲಿಸುವುದು ಉಚಿತ.

2004ರ ಏಪ್ರಿಲ್‌ನಲ್ಲಿ ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯಗಳೆಲ್ಲವೂ ಸರಕಾರದ ಅಂಗಗಳಾಗಿ ಉಳಿಯದೆ ಸ್ವತಂತ್ರ ನಿಗಮಗಳಾದವು. ಅಧ್ಯಾಪಕರು ಸರಕಾರಿ ನೌಕರರಲ್ಲದಾದರು. ಆಯವ್ಯಯದ ಹೊಣೆ ಸಂಸ್ಥೆಗಳಿಗೇ ಬಂತು. ಉದ್ದೇಶ ಶ್ಲಾಘನೀಯವೇ. ಆದರೆ ಆರು ವರ್ಷಗಳಿಗೊಮ್ಮೆ ಗುರಿಗಳನ್ನು ನಿಗದಿಪಡಿಸುವ ಅಧಿಕಾರ ಶಿಕ್ಷಣ ಸಚಿವರಲ್ಲೇ ಉಳಿಯಿತು. 2004ರಲ್ಲಿ ಸುಮಾರು 1.24 ಲಕ್ಷ ಕೋಟಿ ಯೆನ್ ಇದ್ದ ನಿರ್ವಹಣಾ ಅನುದಾನ ಕರಗುತ್ತ 2024ರ ಹೊತ್ತಿಗೆ ಸುಮಾರು 1.08 ಲಕ್ಷ ಕೋಟಿಗೆ ಇಳಿಯಿತು. ಸ್ಪರ್ಧಿಸಿ ಗೆದ್ದು ತರಬೇಕಾದ ಅಲ್ಪಾವಧಿಯ ಹಣದ ಅವಲಂಬನೆ ಹೆಚ್ಚಿತು. ಪರಿಣಾಮವಾಗಿ ಖಾಯಂ ಹುದ್ದೆಗಳು ವಿರಳವಾಗಿ, ಯುವ ಸಂಶೋಧಕರು ಕೆಲವೇ ವರ್ಷಗಳ ಕರಾರಿನ ಮೇಲೆ ದುಡಿಯುವಂತಾಯಿತು. ತಮ್ಮ ಆರ್ಥಿಕ ಸ್ಥಿತಿ ಮಿತಿ ಮೀರಿದೆಯೆಂದು ಈ ವಿಶ್ವವಿದ್ಯಾನಿಲಯಗಳ ಸಂಘವೇ 2024ರ ಜೂನ್‌ನಲ್ಲಿ ಬಹಿರಂಗವಾಗಿ ಸಾರಿತು.

2015ರಲ್ಲಿ ಶಿಕ್ಷಣ ಸಚಿವ ಹಕುಬುನ್ ಶಿಮೋಮುರ ಅವರು ಮಾನವಿಕ ಹಾಗೂ ಸಮಾಜ ವಿಜ್ಞಾನ ವಿಭಾಗಗಳನ್ನು ಮುಚ್ಚುವ ಇಲ್ಲವೇ ಸಮಾಜದ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಬಗ್ಗೆ ಸೂಚನೆ ಕಳುಹಿಸಿದಾಗ ವಿದ್ವಾಂಸರ ಮಂಡಳಿ ಪ್ರತಿಭಟಿಸಿತು. ತಕ್ಷಣದ ಉಪಯೋಗಕ್ಕಷ್ಟೇ ಒದಗುವವರು ತಮಗೆ ಬೇಕಿಲ್ಲವೆಂದು ಉದ್ಯಮಿಗಳ ಒಕ್ಕೂಟವೂ ಹೇಳಿದ್ದು ಗಮನಾರ್ಹ. ಮರುವರ್ಷ ನೊಬೆಲ್ ಪ್ರಶಸ್ತಿ ಪಡೆದ ಯೊಶಿನೊರಿ ಒಸುಮಿ ಅವರು, ಯೀಸ್ಟ್‌ನ ಜೀವಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಬಗೆಯನ್ನು 1988ರಿಂದ ಅಭ್ಯಸಿಸಿದವರು. ಅಂದು ಅದರಿಂದ ಲಾಭವೇನೆಂದು ಕೇಳಿದ್ದರೆ ಏನು ಉತ್ತರ ದೊರೆಯುತ್ತಿತ್ತು?

ಈಗ ಚೀನದತ್ತ ನೋಡೋಣ. 1999ರ ವಿಸ್ತರಣೆಯ ತರುವಾಯ ಅಲ್ಲಿ ಉನ್ನತ ಶಿಕ್ಷಣ ಪ್ರವೇಶದ ಪ್ರಮಾಣ 2023ರಲ್ಲಿ ಶೇಕಡಾ 60ನ್ನು ದಾಟಿದೆ. ಆಯ್ದ ವಿಶ್ವವಿದ್ಯಾನಿಲಯಗಳಿಗೆ ಹಣದ ಹೊಳೆಯೇ ಹರಿದಿದೆ. ಆದರೂ ಪದವೀಧರರಿಗೆ ಉದ್ಯೋಗ ಸುಲಭವಾಗಿಲ್ಲ. ಇದಕ್ಕೆ ಪರಿಹಾರವಾಗಿ, 2025ರೊಳಗೆ ಸುಮಾರು ಶೇಕಡಾ 20ರಷ್ಟು ಅಧ್ಯಯನ ವಿಷಯಗಳನ್ನು ಮರುಹೊಂದಿಸಿ, ಆರ್ಥಿಕ ಹಾಗೂ ಸಾಮಾಜಿಕ ಬೆಳವಣಿಗೆಗೆ ಹೊಂದದವನ್ನು ಕೈಬಿಡುವ ಯೋಜನೆಯನ್ನು ಸರಕಾರ 2023ರಲ್ಲಿ ಪ್ರಕಟಿಸಿತು. ಇದೂ ಜಪಾನ್ ಹಿಡಿದ ಅಳತೆಗೋಲೇ ಅಲ್ಲವೆ?

ವ್ಯತ್ಯಾಸವೂ ಇದೆ. ಜಪಾನಿನಲ್ಲಿ ಸಚಿವರ ಸೂಚನೆಯನ್ನು ವಿದ್ವಾಂಸರು ಬಹಿರಂಗವಾಗಿ ಖಂಡಿಸಬಲ್ಲರು. ಚೀನದಲ್ಲಾದರೋ 1998ರ ಕಾನೂನಿನ ಪ್ರಕಾರ ವಿಶ್ವವಿದ್ಯಾನಿಲಯದ ಅಧ್ಯಕ್ಷರು ಪಕ್ಷದ ಸಮಿತಿಯ ನಾಯಕತ್ವದಡಿ ಕಾರ್ಯವೆಸಗಬೇಕು. ತಪ್ಪನ್ನು ತಪ್ಪೆನ್ನುವ ದನಿಯೇ ಕ್ಷೀಣವಾಗಿರುವಲ್ಲಿ ತಿದ್ದುಪಡಿಗೆ ದಾರಿಯೆಲ್ಲಿ?

ಇನ್ನೊಂದು ಎಚ್ಚರಿಕೆ ಜನಸಂಖ್ಯೆಯದು. 1992ರಲ್ಲಿ 20 ಲಕ್ಷ ಮೀರಿದ್ದ ಜಪಾನಿನ ಹದಿನೆಂಟು ವರ್ಷದವರ ಸಂಖ್ಯೆ ಇಂದು ಸರಿಸುಮಾರು ಅರ್ಧಕ್ಕಿಳಿದಿದೆ. ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಿಗೆ ಸ್ಥಾನ ತುಂಬುವಷ್ಟು ವಿದ್ಯಾರ್ಥಿಗಳಿಲ್ಲ. ಚೀನದಲ್ಲಿ 2016ರಲ್ಲಿ 1.78 ಕೋಟಿಯಷ್ಟಿದ್ದ ಜನನ 2023ರಲ್ಲಿ 90 ಲಕ್ಷಕ್ಕೆ ಕುಸಿದಿದೆ. 2034ರ ನಂತರ ಅದರ ಪರಿಣಾಮ ಕಾಲೇಜಿನ ಬಾಗಿಲಿಗೂ ಬರಲಿದೆ.

ಭದ್ರವಾದ ಆಧಾರವಿಲ್ಲದ ಸ್ವಾತಂತ್ರ್ಯ ಹಸಿವಿನ ಸ್ವಾತಂತ್ರ್ಯ. ಸ್ವಾತಂತ್ರ್ಯವಿಲ್ಲದ ಸಂಪತ್ತು ಚಿನ್ನದ ಪಂಜರ. ಇವೆರಡೂ ಕೂಡಿದಲ್ಲಿ ಮಾತ್ರ ವಿದ್ಯೆ ಬೆಳೆದೀತು. ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯನು ಉಪಯೋಗದ ವಸ್ತುವಲ್ಲ. ಅವನನ್ನು ರೂಪಿಸುವ ವಿದ್ಯೆಯನ್ನು ಮಾರುಕಟ್ಟೆಯ ತಕ್ಕಡಿಯೊಂದರಲ್ಲೇ ತೂಗಲಾಗದು.