ಲ್ಯಾಬಿನ ಬೀಗ ತೆಗೆಯಿರಿ, ಹಾರ್ಡ್ ಡಿಸ್ಕ್ ಇಲ್ಲದಿದ್ದರೂ ನಡೆಯುತ್ತೆ

ನಮ್ಮ ಕಡೆ ಎಷ್ಟೋ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬಿಗೆ ಬೀಗ. ಕೇಳಿದರೆ 'ಹಾರ್ಡ್ ಡಿಸ್ಕ್ ಹೋಗಿದೆ' ಅಂತಾರೆ. ಹೊಸ ಕಂಪ್ಯೂಟರಿಗೆ ಅರ್ಜಿ ಹಾಕಿ ಕೂರುವ ಮೊದಲು ನೆಟ್‌ವರ್ಕ್ ಬೂಟ್ ಮಾಡಿ ನೋಡಿ ಎನ್ನುತ್ತೇವೆ ನಾವು.

ಹೊಸದೇನಲ್ಲ ಇದು. ಇಂಟೆಲ್‌ನ ಪಿಎಕ್ಸ್‌ಇ 2.1 ನಿಯಮಾವಳಿ ಬಂದದ್ದೇ 1999ರಲ್ಲಿ. ಯಂತ್ರ ಆನ್ ಆದೊಡನೆ ಲ್ಯಾನ್ ಕೇಬಲ್ ಮೂಲಕ ವಿಳಾಸ ಕೇಳುತ್ತದೆ. ಡಿಎಚ್‌ಸಿಪಿ ವಿಳಾಸದ ಜೊತೆ ಬೂಟ್ ಫೈಲಿನ ಹೆಸರನ್ನೂ ಕೊಡುತ್ತದೆ, ಟಿಎಫ್‌ಟಿಪಿ ಆ ಫೈಲನ್ನು ತಲುಪಿಸುತ್ತದೆ. ಪರದೆಯಲ್ಲಿ ಮೆನು ಬರುತ್ತದೆ: ಉಬುಂಟು, ಡೆಬಿಯನ್, ವಿಂಡೋಸ್ ಇನ್‌ಸ್ಟಾಲರ್. ಎಲ್‌ಟಿಎಸ್‌ಪಿ ಹಾಕಿದರೆ ಲಿನಕ್ಸ್ ಡಿಸ್ಕ್ ಇಲ್ಲದೆಯೇ ಓಡುತ್ತದೆ. ವಿಂಡೋಸ್‌ಗೆ ಮಾತ್ರ ಡಿಸ್ಕೂ ಬೇಕು, ಲೈಸೆನ್ಸೂ ಬೇಕು.

ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ತಂತ್ರಾಂಶವೊಂದೇ ಎರಡೂ ಕೆಲಸ ಮಾಡುತ್ತದೆ. ರೂಟರ್ ಆಗಲೇ ವಿಳಾಸ ಹಂಚುತ್ತಿದ್ದರೆ ಇದನ್ನು ಪ್ರಾಕ್ಸಿ ರೀತಿಯಲ್ಲಿಡಿ, ಇಲ್ಲವಾದರೆ ಎರಡಕ್ಕೂ ಜಗಳ. ಹಳೆ ಬಯೋಸ್‌ಗೆ ಒಂದು ಫೈಲು, ಯುಇಎಫ್‌ಐಗೆ ಇನ್ನೊಂದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ವೈಫೈ ನಂಬಬೇಡಿ.

ಕೇರಳದ ಶಾಲೆಗಳು ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿವೆ, ನಮಗೇನಾಗಿದೆ? ಸರ್ವರ್ ನಿಂತರೆ ಇಡೀ ಲ್ಯಾಬ್ ನಿಲ್ಲುತ್ತದೆ, ಅದು ನಿಜ. ಹಾಗಾಗಿ ಎಸ್‌ಡಿಎಂಸಿಯವರು ಮೊದಲು ಯುಪಿಎಸ್ ಕೇಳಲಿ. ಜೊತೆಗೆ, ಒಬ್ಬ ಶಿಕ್ಷಕರಿಗೆ ಇದನ್ನು ಕಲಿಯಲು ನಾಲ್ಕು ದಿನ ಬಿಡುವು.